ಎರಡು ಆಸ್ಪತ್ರೆಗಳ ನಡುವೆ ಮುಚ್ಚಿಟ್ಟ ಚೀಟಿಗಳು

ಪೀಣ್ಯ, ಲಗ್ಗೆರೆ, ಯಶವಂತಪುರದ ಕಡೆಯಿಂದ ನಾನು ಆಪ್ತಸಲಹೆಗಾರಳಾಗಿರುವ ಕೇಂದ್ರಕ್ಕೆ ಬರುವ ಹೆಣ್ಣುಮಕ್ಕಳಲ್ಲಿ ಮತ್ತೆ ಮತ್ತೆ ಗರ್ಭಪಾತವಾಗಿ ನೊಂದವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಖಾಸಗಿ ವೈದ್ಯರಿಗೆ ತಿಳಿಯದಂತೆ ಸರ್ಕಾರಿ ಆಸ್ಪತ್ರೆಗೆ, ಸರ್ಕಾರಿ ವೈದ್ಯರಿಗೆ ತಿಳಿಯದಂತೆ ಖಾಸಗಿ ಕ್ಲಿನಿಕ್‌ಗೆ ಹೋಗುತ್ತಿರುತ್ತಾರೆ. ಎರಡೂ ಕಡೆ ಹೋಗುವುದು ತಪ್ಪೆಂದು ನಾನು ಯಾರಿಗೂ ಹೇಳುವುದಿಲ್ಲ. ನಮ್ಮಂಥ ಊರಿನಲ್ಲಿ ಎಷ್ಟೋ ಸಲ ಅದೇ ಬುದ್ಧಿವಂತಿಕೆಯ ದಾರಿ. ಆದರೆ ಒಂದು ಕಡೆಯದನ್ನು ಇನ್ನೊಂದು ಕಡೆ ಮುಚ್ಚಿಡುವುದರಿಂದ ಆಗುವ ಹಾನಿಯನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅವರಲ್ಲಿ ಒಬ್ಬರನ್ನು ಸುಮಾ ಎಂದು ಕರೆಯೋಣ. ಹೆಸರನ್ನೂ ಗುರುತು ಹಿಡಿಯಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್, ಮೂವತ್ತರ ಆಸುಪಾಸಿನ ವಯಸ್ಸು. ಗಂಡ ಸರಕು ಸಾಗಣೆ ವಾಹನದ ಚಾಲಕ. ಮೂರು ಗರ್ಭಗಳೂ ಮೂರು ತಿಂಗಳು ತುಂಬುವ ಮೊದಲೇ ಹೋದವು. ಅತ್ತೆ ಒಳ್ಳೆಯವರು, ಸೊಸೆಯನ್ನು ಒಂದು ಮಾತೂ ಆಡದೆ ಕುಕ್ಕೆಗೆ ಹರಕೆ ಹೊತ್ತಿದ್ದರು. ಸುಮಾ ನಮ್ಮಲ್ಲಿಗೆ ಬಂದದ್ದು ನಿದ್ದೆ ಬರುವುದಿಲ್ಲ, ಎದೆ ಡವಗುಟ್ಟುತ್ತದೆ, ಹೊಲಿಗೆ ಯಂತ್ರದ ಮುಂದೆ ಕೈ ನಡುಗುತ್ತದೆ ಎಂಬ ದೂರಿನೊಂದಿಗೆ. ಭಯದಿಂದ ಹೀಗಾಗುತ್ತಿದೆ ಎಂದು ಎಲ್ಲರೂ ಹೇಳಿದ್ದರಂತೆ.

ಎಲ್ಲವನ್ನೂ ಬದಲಿಸಿದ ಭೇಟಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಅಂದು ಅವರು ಒಂದು ಕೋರಿಕೆಯೊಂದಿಗೆ ಬಂದಿದ್ದರು. ಖಾಸಗಿ ಕ್ಲಿನಿಕ್‌ನಲ್ಲಿ ಹೊಸದೊಂದು ಚಿಕಿತ್ಸೆ ಸೂಚಿಸಿದ್ದಾರೆ, ಗಂಡನ ರಕ್ತದಿಂದ ಬಿಳಿ ರಕ್ತಕಣಗಳನ್ನು ತೆಗೆದು ಹೆಂಡತಿಗೆ ಚುಚ್ಚುಮದ್ದಾಗಿ ಕೊಡುವುದಂತೆ, ಅದಕ್ಕೆ ಮಾಂಗಲ್ಯ ಸರ ಅಡವಿಡಬೇಕು, ಗಂಡನನ್ನು ಒಪ್ಪಿಸಲು ನನ್ನ ಸಹಾಯ ಬೇಕು. ನಾನು ಅದಕ್ಕೆ ಹೌದು ಅಲ್ಲ ಎನ್ನದೆ, ಈವರೆಗಿನ ಕಾಗದಗಳನ್ನೂ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೂ ಮೇಜಿನ ಮೇಲೆ ಇಡಲು ಹೇಳಿದೆ. ಮೊದಲು ಒಂದು ಚೀಲ ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಚೀಲವನ್ನೂ ತೆಗೆದರು. ಅದು ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ ಆಸ್ಪತ್ರೆಯ ಕಡೆಯದು. ಎರಡರಲ್ಲೂ ಥೈರಾಯ್ಡ್ ಮಾತ್ರೆಗಳಿದ್ದವು. ಕಂಪನಿಯ ಹೆಸರು ಬೇರೆ, ಕೆಳಗೆ ಸಣ್ಣಕ್ಷರದಲ್ಲಿ ಮುದ್ರಿಸಿದ ಔಷಧದ ಹೆಸರು ಒಂದೇ: ಲಿವೋಥೈರಾಕ್ಸಿನ್. ಎರಡೂ ಕಡೆ ಕೊಟ್ಟಿದ್ದಾರಲ್ಲ ಎಂದು ಬೆಳಿಗ್ಗೆ ಎರಡನ್ನೂ ನುಂಗುತ್ತಿದ್ದರು.

ಕಾಗದಗಳಲ್ಲಿ ಇನ್ನೂ ಒಂದು ಸಂಗತಿ ಸಿಕ್ಕಿತು. ಎರಡನೆಯ ಗರ್ಭಪಾತದ ನಂತರ ಖಾಸಗಿ ಪ್ರಯೋಗಾಲಯದಲ್ಲಿ, ರಕ್ತ ಹೆಪ್ಪುಗಟ್ಟುವಂತೆ ಮಾಡಬಲ್ಲ ಆ್ಯಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಪರೀಕ್ಷೆಯಾಗಿತ್ತು, ಅದರಲ್ಲಿ ಒಂದು ಅಂಶ ಪಾಸಿಟಿವ್ ಎಂದಿತ್ತು. ಈ ಪರೀಕ್ಷೆ ಒಮ್ಮೆ ಪಾಸಿಟಿವ್ ಬಂದರೆ ಸಾಲದು, ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಪದೇ ಪದೇ ಗರ್ಭಪಾತಕ್ಕೆ ಚಿಕಿತ್ಸೆಯಿರುವ ಕೆಲವೇ ಕಾರಣಗಳಲ್ಲಿ ಇದೂ ಒಂದು. ಖಚಿತವಾದರೆ ಗರ್ಭಾವಸ್ಥೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಹೆಪಾರಿನ್ ಕೊಡುತ್ತಾರೆ. ಸುಮಾ ಅಷ್ಟರಲ್ಲಿ ಇಎಸ್‌ಐಗೆ ಹೋಗಲು ಆರಂಭಿಸಿದ್ದರು, ಆ ವರದಿಯನ್ನು ಅಲ್ಲಿ ತೋರಿಸಲೇ ಇಲ್ಲ. ಮರುಪರೀಕ್ಷೆ ಆಗಲೇ ಇಲ್ಲ. ಮೂರನೆಯ ಗರ್ಭವೂ ಹೋಯಿತು. ರಾತ್ರಿ ರಕ್ತಸ್ರಾವವಾಗಿ ಹತ್ತಿರದ ಇನ್ನಾವುದೋ ಆಸ್ಪತ್ರೆಗೆ ಓಡಿದ್ದರಿಂದ, ಹೊರತೆಗೆದ ಅಂಗಾಂಶವನ್ನು ವರ್ಣತಂತು (ಕ್ರೋಮೋಸೋಮ್) ಪರೀಕ್ಷೆಗೆ ಕಳುಹಿಸಬೇಕೆಂಬುದು ಯಾರಿಗೂ ಹೊಳೆಯಲಿಲ್ಲ.

ಯಾಕೆ ತೋರಿಸಲಿಲ್ಲ ಎಂದು ಕೇಳಿದೆ.

"ಇಎಸ್‌ಐನಲ್ಲಿ ತೋರಿಸಿದರೆ, ಅಷ್ಟು ದುಡ್ಡಿದ್ದರೆ ಅಲ್ಲೇ ಹೋಗಿ ಎನ್ನುತ್ತಾರೆ. ಕ್ಲಿನಿಕ್‌ನಲ್ಲಿ ತೋರಿಸಿದರೆ ನಾವು ಬಡವರೆಂದು ಗೊತ್ತಾಗಿಬಿಡುತ್ತದೆ" ಎಂದರು. ಈ ಉತ್ತರವನ್ನು ಅನೇಕರಿಂದ ಕೇಳಿದ್ದೇನೆ. ಅದರಲ್ಲಿ ಸುಳ್ಳಿಲ್ಲ, ಎರಡೂ ಕಡೆ ಅಂಥ ಮಾತು ಆಡುವವರಿದ್ದಾರೆ. ಆಮೇಲೆ ಅವರು ಸರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದ ಮಾತನ್ನು ಮಾತ್ರ ನಾನು ನಿರೀಕ್ಷಿಸಿರಲಿಲ್ಲ.

"ಮೇಡಂ, ಎಲ್ಲವನ್ನೂ ಪುಕ್ಕಟೆಯಾಗಿ ಮಾಡಿಸಿಕೊಂಡುಬಿಟ್ಟರೆ, ಆ ಮಕ್ಕಳಿಗಾಗಿ ನಾನು ಏನು ಮಾಡಿದಂತಾಯಿತು?"

ಅಲ್ಲಿಗೆ ಚಿಕಿತ್ಸೆಯ ಆಯ್ಕೆಯ ಪ್ರಶ್ನೆ ಹಿಂದೆ ಸರಿಯಿತು. ಸರ ಅಡವಿಡಲು ಹೊರಟದ್ದು ಮುಂದಿನ ಮಗುವಿಗಾಗಿ ಅಲ್ಲ, ಹೋದ ಮೂವರಿಗೆ ತೀರಿಸಬೇಕಾದ ಋಣವೆಂದು. ತನ್ನದೇ ಏನೋ ಲೋಪವಾಗಿದೆ, ಅದಕ್ಕೆ ದಂಡ ತೆರಬೇಕು ಎಂಬ ಲೆಕ್ಕ ಒಳಗೊಳಗೇ ನಡೆದಿತ್ತು. ಭಾರ ಎತ್ತಿದ್ದು, ಪಪ್ಪಾಯಿ ತಿಂದದ್ದು, ಓವರ್‌ಟೈಮ್‌ಗೆ ಒಪ್ಪಿದ್ದು ಒಂದೊಂದಾಗಿ ಹೊರಬಂದವು. ನಾನು ಆ ಹೊತ್ತು ಮಾಡಿದ್ದು ಒಂದೇ: ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟು ಭ್ರೂಣದ ವರ್ಣತಂತುಗಳ ಸಂಖ್ಯೆಯಲ್ಲಾದ ವ್ಯತ್ಯಾಸದಿಂದ ಹೋಗುತ್ತವೆ, ಅದು ಗರ್ಭ ಕಟ್ಟುವ ಹೊತ್ತಿಗೇ ತೀರ್ಮಾನವಾಗಿರುತ್ತದೆ, ಯಾವ ತಾಯಿಯ ಓಡಾಟವೂ ಅದನ್ನು ಉಂಟುಮಾಡಲಾರದು ಎಂಬುದನ್ನು ನಿಧಾನವಾಗಿ, ಮತ್ತೆ ಮತ್ತೆ ಹೇಳಿದೆ. ಅವರು ತುಂಬಾ ಹೊತ್ತು ಅತ್ತರು. ಅಳಲು ಬಿಟ್ಟೆ.

ಆಮೇಲೆ ಕೊಟ್ಟ ಸಲಹೆ ಇದು. ಎರಡು ಬಗೆಯ ಥೈರಾಯ್ಡ್ ಮಾತ್ರೆಗಳನ್ನೂ ಹಿಡಿದು ಇವತ್ತೇ ಒಬ್ಬ ವೈದ್ಯರನ್ನು ಕಾಣಿ, ಯಾವುದನ್ನು ಬಿಡಬೇಕೆಂದು ಅವರೇ ಹೇಳಲಿ. ಎರಡು ಚೀಲದ ಕಾಗದಗಳನ್ನೂ ಒಂದೇ ಕಡತಕ್ಕೆ ಸೇರಿಸಿ. ಮೊದಲ ಪುಟದಲ್ಲಿ ಪ್ರತಿ ಗರ್ಭದ ಬಗ್ಗೆ ಬರೆಯಿರಿ: ಎಷ್ಟನೆಯ ವಾರ, ಸ್ಕ್ಯಾನ್‌ನಲ್ಲಿ ಹೃದಯ ಬಡಿತ ಕಂಡಿತ್ತೇ ಇಲ್ಲವೇ, ಏನು ಮಾಡಿದರು, ಯಾವ ಪರೀಕ್ಷೆಗೆ ಏನು ಉತ್ತರ ಬಂತು. ಒಬ್ಬರನ್ನು ಮುಖ್ಯ ವೈದ್ಯರೆಂದು ನೀವೇ ಆರಿಸಿಕೊಳ್ಳಿ. ಸರ್ಕಾರಿಯೋ ಖಾಸಗಿಯೋ ನಿಮ್ಮ ಇಷ್ಟ. ಆದರೆ ಬೇರೆ ಎಲ್ಲಿಗೆ ಹೋದರೂ ಆ ಕಾಗದ ಅವರ ಮುಂದೆ ಬರಬೇಕು. ರಕ್ತಪರೀಕ್ಷೆ, ಥೈರಾಯ್ಡ್, ಸಕ್ಕರೆ, ಔಷಧ, ಮುಂದೆ ಹೆರಿಗೆ ಇವೆಲ್ಲ ನಿಮಗೆ ಇಎಸ್‌ಐನಲ್ಲಿ ಹಕ್ಕಾಗಿಯೇ ಸಿಗುತ್ತವೆ. ಗರ್ಭಕೋಶದ ಆಕಾರ ನೋಡುವ ತ್ರೀಡಿ ಸ್ಕ್ಯಾನ್, ದಂಪತಿಯ ವರ್ಣತಂತು ಪರೀಕ್ಷೆ ಅಲ್ಲಿಲ್ಲದಿದ್ದರೆ ಒಪ್ಪಂದದ ಆಸ್ಪತ್ರೆಗೆ ಶಿಫಾರಸು ಪತ್ರ ಕೇಳಿ. ಅದು ತಡವಾಗುತ್ತದೆ ಎನ್ನಿಸಿದರೆ ಅದೊಂದಕ್ಕೆ ಮಾತ್ರ ಹೊರಗೆ ದುಡ್ಡು ಕೊಡಿ.

ಚುಚ್ಚುಮದ್ದಿನ ವಿಷಯಕ್ಕೆ, ಗಂಡನೊಂದಿಗೆ ಹೋಗಿ ಎರಡು ಪ್ರಶ್ನೆ ಕೇಳಲು ಹೇಳಿದೆ. ಇದರಿಂದ ಮಗು ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ ಎನ್ನುವುದಕ್ಕೆ ಯಾವ ಮಾರ್ಗಸೂಚಿಯ ಬೆಂಬಲವಿದೆ? ಅಡ್ಡಪರಿಣಾಮಗಳೇನು? ಉತ್ತರ ಬರಹದಲ್ಲಿ ಬೇಕು. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಈ ಚಿಕಿತ್ಸೆಯನ್ನು ಬಳಸಬಾರದು ಎಂದೇ ಇದೆ ಎಂಬುದನ್ನೂ ಅವರಿಗೆ ತಿಳಿಸಿದೆ.

ಇದನ್ನು ಕೇಳಿದ ಒಬ್ಬಿಬ್ಬರು ಸಹೋದ್ಯೋಗಿಗಳು ಆಕ್ಷೇಪಿಸಿದರು. ಆಪ್ತಸಲಹೆಗಾರರು ಮನಸ್ಸಿನ ಕೆಲಸ ನೋಡಿಕೊಳ್ಳಬೇಕು, ಮಾತ್ರೆಯ ಪಟ್ಟಿ ಓದುವುದು, ಚಿಕಿತ್ಸೆಯ ಬಗ್ಗೆ ಪ್ರಶ್ನೆ ಬರೆದುಕೊಡುವುದು ಮಿತಿ ಮೀರಿದಂತೆ ಎಂದರು. ನಾನು ಒಪ್ಪುವುದಿಲ್ಲ. ಯಾವ ಮಾತ್ರೆಯನ್ನೂ ನಿಲ್ಲಿಸಿ ಎಂದು ನಾನು ಹೇಳಲಿಲ್ಲ, ವೈದ್ಯರ ಬಳಿಗೆ ಕಳುಹಿಸಿದೆ. ಕೈ ನಡುಗುವ ಹೆಂಗಸಿಗೆ ಉಸಿರಾಟದ ಅಭ್ಯಾಸ ಕಲಿಸಿ ಕಳುಹಿಸಿದ್ದರೆ ಮಿತಿಯೊಳಗೆ ಉಳಿಯುತ್ತಿದ್ದೆ, ಆಕೆ ಎರಡು ಪಟ್ಟು ಮಾತ್ರೆ ನುಂಗುತ್ತಲೇ ಇರುತ್ತಿದ್ದರು. ರಕ್ತಪರೀಕ್ಷೆಯಲ್ಲಿ, ಥೈರಾಯ್ಡ್ ಮಾತ್ರೆ ಹೆಚ್ಚಾದಾಗ ತಗ್ಗುವ ಟಿಎಸ್‌ಎಚ್ ಹಾರ್ಮೋನ್ ತೀರಾ ಕೆಳಗಿಳಿದಿತ್ತು. ಪ್ರಮಾಣ ಸರಿಪಡಿಸಿದ ಮೇಲೆ ನಿದ್ದೆ ಮರಳಿತು.

ಇನ್ನು ಕೆಲವರು, ಖಾಸಗಿ ಕ್ಲಿನಿಕ್ ಬಿಟ್ಟುಬಿಡಿ ಎಂದು ನೇರವಾಗಿ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಗರ್ಭ ಕಳೆದುಕೊಂಡ ಹೆಣ್ಣನ್ನು ಆಗಷ್ಟೇ ಹೆತ್ತವರ ಪಕ್ಕದ ಹಾಸಿಗೆಯಲ್ಲಿ ಮಲಗಿಸುವ ಸರ್ಕಾರಿ ವಾರ್ಡ್‌ಗಳನ್ನು ನೋಡಿದವಳು ನಾನು. ರಾತ್ರಿಯೆಲ್ಲ ಪಕ್ಕದ ಕೂಸಿನ ಅಳು ಕೇಳುತ್ತಾ ಮಲಗಿದವಳು ಸಾಲ ಮಾಡಿಯಾದರೂ ಬೇರೆ ಕಡೆ ಹೋಗುತ್ತಾಳೆ. ಆ ಓಟವನ್ನು ಅವಿವೇಕ ಎನ್ನಲು ನನಗೆ ಮನಸ್ಸಿಲ್ಲ. ಸುಮಾ ಅವರ ಖಾಸಗಿ ವೈದ್ಯೆ ಅವರ ಮಾತನ್ನು ಅರ್ಧ ಗಂಟೆ ಕುಳಿತು ಕೇಳಿದ್ದರು. ಅದಕ್ಕೂ ಬೆಲೆ ಇದೆ. ಗರ್ಭ ನಿಂತ ಮೊದಲ ವಾರಗಳಲ್ಲಿ ಮೇಲಿಂದ ಮೇಲೆ ಸ್ಕ್ಯಾನ್, ಕರೆದಾಗ ಸಿಗುವ ಒಬ್ಬ ಪರಿಚಿತ ವೈದ್ಯರು, ಇವು ತಾಯಿಗೆ ಕೊಡುವ ಧೈರ್ಯ ಸಣ್ಣದಲ್ಲ. ಅದಕ್ಕಾಗಿ ಹೊರಗೆ ದುಡ್ಡು ಕೊಡುತ್ತೇನೆ ಎಂದರೆ ನಾನು ಬೇಡ ಎನ್ನುವುದಿಲ್ಲ.

ಸುಮಾ ಇಎಸ್‌ಐ ಆಸ್ಪತ್ರೆಯ ಪ್ರಸೂತಿ ತಜ್ಞೆಯನ್ನು ಮುಖ್ಯ ವೈದ್ಯರೆಂದು ಆರಿಸಿಕೊಂಡರು. ಕಡತ ನೋಡಿ ಅವರು ಬೈಯಲಿಲ್ಲ; ಇಷ್ಟು ಸರಿಯಾಗಿ ಬರೆದು ತರುವವರು ಕಡಿಮೆ ಎಂದರಂತೆ. ಪ್ರತಿಕಾಯಗಳ ಮರುಪರೀಕ್ಷೆ ನೆಗೆಟಿವ್ ಬಂತು. ಸ್ಕ್ಯಾನ್‌ನಲ್ಲೂ ದಂಪತಿಯ ವರ್ಣತಂತುಗಳಲ್ಲೂ ದೋಷ ಕಾಣಲಿಲ್ಲ. ಚುಚ್ಚುಮದ್ದಿನ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಸಿಗಲಿಲ್ಲ, ಅವರು ಆ ದಾರಿ ಬಿಟ್ಟರು. ಕಾರಣ ಸಿಗದಿದ್ದುದು ಅವರಿಗೆ ನಿರಾಸೆ ತಂದಿತು. ಆದರೆ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ, ಹಾಗೆ ಕಾರಣ ಸಿಗದವರಲ್ಲಿ ಹೆಚ್ಚಿನವರಿಗೆ ಮುಂದೆ ವಿಶೇಷ ಚಿಕಿತ್ಸೆಯಿಲ್ಲದೆಯೂ ಮಗುವಾಗುತ್ತದೆ. ಈ ಮಾತನ್ನು ತಜ್ಞೆಯ ಬಾಯಿಂದಲೇ ಗಂಡ ಹೆಂಡತಿ ಇಬ್ಬರಿಗೂ ಹೇಳಿಸಿದೆ. ಮತ್ತೊಮ್ಮೆ ಗರ್ಭಪಾತವಾದರೆ ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ಹಾಕದೆ ಶುದ್ಧ ಸಲೈನ್‌ನಲ್ಲಿಟ್ಟು ವರ್ಣತಂತು ಪರೀಕ್ಷೆಗೆ ಕಳುಹಿಸಬೇಕೆಂದು ತಜ್ಞೆ ಕಡತದ ಮೊದಲ ಪುಟದಲ್ಲೇ ಬರೆದು ಸಹಿ ಮಾಡಿದ್ದಾರೆ. ರಾತ್ರಿ ಯಾವ ಆಸ್ಪತ್ರೆಗೆ ಓಡಿದರೂ ಆ ಪುಟ ಜೊತೆಗಿರುತ್ತದೆ.

ಕೊನೆಯದಾಗಿ ದುಡಿಯುವ ಹೆಣ್ಣುಮಕ್ಕಳಿಗೆ ಒಂದು ವಿಷಯ. ಪ್ರತಿ ತಿಂಗಳೂ ಸಂಬಳದಿಂದ ಇಎಸ್‌ಐಗೆ ಶೇ 0.75 ಕಡಿತವಾಗುತ್ತಿದ್ದರೂ ಸುಮಾ ಮೂರು ಸಲವೂ ಸಂಬಳವಿಲ್ಲದ ರಜೆ ಹಾಕಿ, ನಾಲ್ಕೈದು ದಿನಕ್ಕೆ ಮತ್ತೆ ಯಂತ್ರದ ಮುಂದೆ ಕುಳಿತಿದ್ದರು. ಗರ್ಭಪಾತವಾದರೆ ಆರು ವಾರಗಳ ವೇತನಸಹಿತ ವಿಶ್ರಾಂತಿ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ, ನಿಗದಿತ ದಿನಗಳ ವಂತಿಗೆ ಕಟ್ಟಿದ್ದರೆ ಇಎಸ್‌ಐನಲ್ಲೂ ಇದೆ. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದೆವು ಎಂಬ ಅಂಜಿಕೆಯಿಂದ ಇದನ್ನು ಬಿಟ್ಟುಕೊಡಬೇಡಿ. ಎಷ್ಟನೆಯ ವಾರದಲ್ಲಿ, ಯಾವ ದಿನಾಂಕದಂದು ಗರ್ಭಪಾತವಾಯಿತು ಎಂದು ನಮೂದಿಸಿದ, ವೈದ್ಯರ ಸಹಿ ಮೊಹರು ಇರುವ ಪತ್ರವನ್ನು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಕೇಳಿ ಪಡೆಯಿರಿ, ಅದರ ಪ್ರತಿಯನ್ನು ಇಎಸ್‌ಐ ಔಷಧಾಲಯಕ್ಕೂ ಕಾರ್ಖಾನೆಯ ಕಚೇರಿಗೂ ತಡಮಾಡದೆ ತಲುಪಿಸಿ.