ದುಡ್ಡು ಕೊಟ್ಟವನಿಗೂ ಒಂದು ಸಾಲು ಇರಲಿ ಮಾರಾಯ್ರೆ

ಶಿರಸಿಯ ಓದುಗರೊಬ್ಬರು ಸಿಟ್ಟು ಮಾಡ್ಕೊಂಡು ಉದ್ದಕ್ಕೆ ಬರೆದಿದ್ದಾರೆ. ಈಜಿಪ್ಟಿನ ಪುರಾತನ ರಾಜ ಟುಟಾಂಖಾಮನ್ ಸಮಾಧಿ ಬಗ್ಗೆ ಹೋದ ತಿಂಗಳು ಬರೆದ ಲೇಖನದಲ್ಲಿ ಇಂಗ್ಲೆಂಡಿನ ಶ್ರೀಮಂತ ಲಾರ್ಡ್ ಕಾರ್ನಾರ್ವನ್‌ಗೆ ಯಾಕೆ ಅಷ್ಟು ಜಾಗ ಕೊಟ್ರಿ, ಸಮಾಧಿ ಹುಡುಕಿದ್ದು ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್, ಈ ದೊರೆ ಕುದುರೆ ರೇಸು, ಕಾರು ಅಂತ ತಿರುಗ್ತಾ ಹೆಂಡತಿ ದುಡ್ಡಲ್ಲಿ ಮಣ್ಣು ತೋಡಿಸಿ ಮಜಾ ಮಾಡಿದೋನು ಅಷ್ಟೇ ಅನ್ನೋದು ಅವರ ತಕರಾರು. ಕೊನೆಗೆ, ಸಮಾಧಿ ತೆರೆದೋರಿಗೆ ತಟ್ಟುತ್ತೆ ಅನ್ನೋ ಫರೋನ (ಈಜಿಪ್ಟಿನ ರಾಜನ) ಶಾಪ ನಿಜಾನಾ ಅಂತಾನೂ ಕೇಳಿದ್ದಾರೆ.

ಸ್ವಾಮಿ, ಇಷ್ಟು ಶ್ರದ್ಧೆಯಿಂದ ಓದಿ ಜಗಳಕ್ಕೆ ಬರೋ ಓದುಗರು ಸಿಗೋದೇ ಕಷ್ಟ, ಅದಕ್ಕೆ ಮೊದಲು ನಮಸ್ಕಾರ. ನೀವು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಕುದುರೆ ಹುಚ್ಚು ಇತ್ತು, ಕಾರಿನ ಹುಚ್ಚೂ ಇತ್ತು. 1895ರಲ್ಲಿ ಮದುವೆಯಾದ ಅಲ್ಮಿನಾ ಜೊತೆ ರಾಥ್‌ಶೀಲ್ಡ್ ಅನ್ನೋ ಬ್ಯಾಂಕ್ ಮನೆತನದ ದುಡ್ಡೂ ಬಂತು, ಸಾಲವೂ ತೀರ್ತು. ನೀವು ಬರೆಯದೇ ಬಿಟ್ಟ ದೊಡ್ಡ ತಪ್ಪು ಒಂದನ್ನ ನಾನೇ ಹೇಳ್ತೀನಿ. 1923ರ ಜನವರಿಯಲ್ಲಿ ಸಮಾಧಿಯ ಸುದ್ದಿಯನ್ನ ಲಂಡನ್ನಿನ ಟೈಮ್ಸ್ ಪತ್ರಿಕೆಗೆ 5,000 ಪೌಂಡ್ ಮತ್ತೆ ಮುಂದಿನ ಲಾಭದಲ್ಲಿ ಪಾಲು ಅಂತ ಮಾತಾಡ್ಕೊಂಡು ಮಾರಿಬಿಟ್ಟ, ಈಜಿಪ್ಟಿನ ಪತ್ರಕರ್ತರು ತಮ್ಮ ಊರಿನ ರಾಜನ ಸುದ್ದಿಗೆ ಲಂಡನ್ ಕಡೆ ನೋಡ್ಬೇಕಾಯ್ತು. ಅದು ತಪ್ಪೇ, ಒಪ್ಪಿದೆ.

ಆದ್ರೆ ಉಳಿದದ್ದನ್ನೂ ಸ್ವಲ್ಪ ಕೇಳಿ. ಜರ್ಮನಿಯಲ್ಲಿ ಕಾರು ಪಲ್ಟಿಯಾಗಿ ಜೀವ ಉಳಿದಿದ್ದೇ ಹೆಚ್ಚು, ಆಮೇಲೆ ಇಂಗ್ಲೆಂಡಿನ ಚಳಿ ಆ ದೇಹಕ್ಕೆ ಆಗ್ತಿರಲಿಲ್ಲ, ಡಾಕ್ಟರ ಮಾತಿನ ಮೇಲೆ ಚಳಿಗಾಲಕ್ಕೆ ಈಜಿಪ್ಟಿಗೆ ಹೋದ. ಬೇರೆ ಶ್ರೀಮಂತರು ಹೋಟೆಲ್ ವರಾಂಡಾದಲ್ಲಿ ಕೂತು ಕಾಫಿ ಕುಡಿದು ವಾಪಸ್ ಬರ್ತಿದ್ರು, ಈ ಮನುಷ್ಯ ಅಗೆಯೋಕೆ ಪರ್ಮಿಟ್ ತಗೊಂಡ. ಮೊದಲ ಸೀಸನ್ನಲ್ಲಿ ನೊಣ, ಧೂಳಿಗೆ ಹೆದರಿ ಜಾಲರಿ ಹಾಕಿದ ಒಂದು ದೊಡ್ಡ ಬೋನಿನಂಥದ್ರೊಳಗೆ ಕೂತ್ಕೊಂಡು ಕೂಲಿಗಳು ಮಣ್ಣು ಹೊರೋದನ್ನ ನೋಡ್ತಿದ್ದ. ಆರು ವಾರದ ಕೆಲಸಕ್ಕೆ ಸಿಕ್ಕಿದ್ದು ಏನು ಗೊತ್ತಾ? ಒಂದು ಬೆಕ್ಕಿನ ಮಮ್ಮಿ, ಅಂದ್ರೆ ಕೆಡದಂತೆ ಬಟ್ಟೆ ಸುತ್ತಿಟ್ಟ ಹೆಣ, ಅದರ ಪೆಟ್ಟಿಗೆ ಸಮೇತ! ನಗು ಬರುತ್ತೆ, ಆದ್ರೆ ನಾನಾಗಿದ್ರೆ ಅಲ್ಲೇ ಬಿಟ್ಟು ಮನೆಗೆ ಹೋಗ್ತಿದ್ದೆ. ಆತ ಹೋಗ್ಲಿಲ್ಲ, ನನಗೆ ಕೆಲಸ ಗೊತ್ತಿಲ್ಲ, ಗೊತ್ತಿರೋರನ್ನ ಕೊಡಿ ಅಂತ ಪುರಾತತ್ವ ಇಲಾಖೆಯ ಮುಖ್ಯಸ್ಥ ಮಾಸ್ಪೆರೋ ಹತ್ರ ಹೋದ.

ಮಾಸ್ಪೆರೋ ತೋರಿಸಿದ್ದು ಕಾರ್ಟರ್ ಕಡೆಗೆ. ನಿಮ್ಮ ಈ ಹೀರೋ ಆಗ ಏನ್ಮಾಡ್ತಿದ್ದ? ಈಜಿಪ್ಟಿನ ಸಕ್ಕಾರ ಅನ್ನೋ ಜಾಗದಲ್ಲಿ ಫ್ರೆಂಚ್ ಪ್ರವಾಸಿಗಳ ಜೊತೆ ಗಲಾಟೆ ಆಗಿ, ಕ್ಷಮೆ ಕೇಳಲ್ಲ ಅಂತ ಹಠ ಹಿಡಿದು 1905ರಲ್ಲಿ ಸರ್ಕಾರಿ ಕೆಲಸ ಬಿಟ್ಟಿದ್ದ, ಚಿತ್ರ ಬರೆದು ಮಾರಿ ಹೊಟ್ಟೆ ಹೊರೀತಿದ್ದ. ಡಿಗ್ರಿ ಇಲ್ಲ, ಬಾಯಿ ಜೋರು. ಅಂಥವನನ್ನ ಕೆಲಸಕ್ಕೆ ಇಟ್ಕೊಂಡು ಸಾಯೋವರೆಗೂ ಕೈಬಿಡದೇ ಇದ್ದದ್ದು ಈ "ಮಜಾ ಮಾಡಿದ" ದೊರೆ.

ಲಕ್ಸರ್ ಊರಿನ ಹತ್ರ ಹಳೇ ರಾಜರನ್ನ ಹೂಳ್ತಿದ್ದ ರಾಜರ ಕಣಿವೆಯಲ್ಲಿ ಅಗೆಯೋ ಹಕ್ಕು ಮೊದಲು ಥಿಯೊಡರ್ ಡೇವಿಸ್ ಅನ್ನೋ ಅಮೆರಿಕನ್ ಶ್ರೀಮಂತನ ಕೈಲಿತ್ತು. ಇಲ್ಲಿ ಇನ್ನೇನೂ ಉಳಿದಿಲ್ಲ ಅಂತ ಅವನು ಬಿಟ್ಟುಹೋದ, 1914ರಲ್ಲಿ ಕಾರ್ನಾರ್ವನ್ ತಗೊಂಡ. ಯುದ್ಧ ಬಂತು, 1917ರಿಂದ ಸರಿಯಾಗಿ ಅಗೆತ ಶುರು. ವರ್ಷ ವರ್ಷ ಕಲ್ಲುಮಣ್ಣು ಎತ್ತಿ ಈ ಕಡೆಯಿಂದ ಆ ಕಡೆ ಹಾಕಿದ್ದೇ ಆಯ್ತು. 1920ರಲ್ಲಿ 13 ಕಲ್ಲಿನ ಜಾಡಿ ಸಿಕ್ಕಾಗ ಅಲ್ಮಿನಾ ಮಂಡಿಯೂರಿ ಕೂತು ತನ್ನ ಕೈಯಾರೆ ಮಣ್ಣು ತೆಗೆದಳಂತೆ, ಅಷ್ಟು ಬರಗೆಟ್ಟಿದ್ರು ಅವರು! 1922ರ ಬೇಸಿಗೆಯಲ್ಲಿ ದೊರೆ ಸಾಕಪ್ಪಾ ಅಂತ ಕಾರ್ಟರ್‌ನ ಇಂಗ್ಲೆಂಡಿನ ತನ್ನ ಹೈಕ್ಲೇರ್ ಅರಮನೆಗೆ ಕರೆಸಿದ. ಕಾರ್ಟರ್ ನಕ್ಷೆ ಬಿಡಿಸಿಟ್ಟು, ಆರನೇ ರಾಮ್ಸೆಸ್ ಅನ್ನೋ ರಾಜನ ಸಮಾಧಿ ಮುಂದಿನ ಹಳೇ ಕೂಲಿಗಳ ಗುಡಿಸಲು ಜಾಗ ಒಂದು ಬಾಕಿ ಇದೆ, ಖರ್ಚು ನಾನೇ ಹಾಕ್ತೀನಿ, ಏನಾದ್ರೂ ಸಿಕ್ರೆ ನಿಮ್ಮದೇ ಅಂದ. ದೊರೆ ಮನಸ್ಸು ಕರಗ್ತು, ಇನ್ನೊಂದು ಸೀಸನ್ ನನ್ನ ಖರ್ಚಲ್ಲೇ ಆಗ್ಲಿ ಅಂದ.

ನವೆಂಬರ್ 4ಕ್ಕೆ ಆ ಗುಡಿಸಲುಗಳ ಅಡಿಯಲ್ಲೇ ಮೆಟ್ಟಿಲು ಕಾಣಿಸ್ತು. ಮುದ್ರೆ ಒಡೆಯದ ಬಾಗಿಲು ಎದುರಿಗಿದೆ, ಕಾರ್ಟರ್ ಏನ್ಮಾಡಿದ? ಮೆಟ್ಟಿಲ ಮೇಲೆ ಮತ್ತೆ ಮಣ್ಣು ಮುಚ್ಚಿಸಿ, ಟೆಲಿಗ್ರಾಂ ಕೊಟ್ಟು, ದೊರೆ ತನ್ನ ಮಗಳು ಎವೆಲಿನ್ ಜೊತೆ ಹಡಗು ಹತ್ತಿ 23ಕ್ಕೆ ಲಕ್ಸರ್ ತಲುಪೋವರೆಗೂ ಕಾದ. ಯಾರಿಗೂ ತಲೆ ಬಾಗಿಸದ ಆ ಜಗಳಗಂಟ ಕಾದ ಸ್ವಾಮಿ! ಕಾರ್ನಾರ್ವನ್‌ಗೆ ನಾನು ಕೊಟ್ಟ ಜಾಗ ಜಾಸ್ತಿ ಅನ್ನೋದಾದ್ರೆ ಈ ಲೆಕ್ಕವನ್ನ ಕಾರ್ಟರ್ ಹತ್ರಾನೇ ಕೇಳಿ.

ಈಗ ನಮ್ಮ ಕಡೆ ನೋಡಿ. ಒಂದು ಶಾಸನದ ಫೋಟೋ ತೆಗೆಸೋಕೆ ಇಲ್ಲಾ ಹಳೇ ತಾಳೆಗರಿ ಸ್ಕ್ಯಾನ್ ಮಾಡಿಸೋಕೆ ದುಡ್ಡು ಕೇಳಿದ್ರೆ ಮೊದಲ ಪ್ರಶ್ನೆ, ಫ್ಲೆಕ್ಸ್ ಎಷ್ಟು ದೊಡ್ಡದು, ಸ್ಟೇಜಲ್ಲಿ ನನ್ನ ಕುರ್ಚಿ ಎಲ್ಲಿ, ಮಾರ್ಚ್ ಒಳಗೆ ರಿಪೋರ್ಟ್ ಸಿಗುತ್ತಾ. ನಮ್ಮ ಪತ್ರಿಕೆಗೇ ಒಬ್ಬರು ವರ್ಷದ ಜಾಹೀರಾತು ಕೊಡ್ತೀನಿ ಅಂದು, ಮುಖಪುಟದಲ್ಲಿ ಮಗನ ಮದುವೆ ಫೋಟೋ ಹಾಕಿ ಅಂದ್ರು. ಹಾಕ್ಲಿಲ್ಲ, ಜಾಹೀರಾತೂ ಬರಲಿಲ್ಲ. ಬೆಕ್ಕಿನ ಮಮ್ಮಿ ಸಿಕ್ಕಿದ ಮೇಲೂ ಹದಿನೈದು ವರ್ಷ ಗಂಟು ಬಿಚ್ಚೋರು ಯಾರಾದ್ರೂ ನಿಮಗೆ ಗೊತ್ತಿದ್ರೆ ದಯವಿಟ್ಟು ವಿಳಾಸ ಕಳಿಸಿ, ನಾನೇ ಬಸ್ಸು ಹತ್ತಿ ಬರ್ತೀನಿ.

ಇನ್ನು ಶಾಪದ ವಿಷಯ. ಕಾರ್ನಾರ್ವನ್ ಸೊಳ್ಳೆ ಕಚ್ಚಿದ ಜಾಗ ಶೇವ್ ಮಾಡುವಾಗ ಕುಯ್ದು, ನಂಜೇರಿ, ನ್ಯುಮೋನಿಯಾ ಆಗಿ 1923ರ ಏಪ್ರಿಲ್ 5ಕ್ಕೆ ಕೈರೋದಲ್ಲಿ ತೀರ್ಕೊಂಡ. ಪೆನ್ಸಿಲಿನ್ ಇಲ್ಲದ ಕಾಲ, ಮೊದಲೇ ಬಡಕಲು ದೇಹ. ಅಷ್ಟು ವರ್ಷ ದುಡ್ಡು ಸುರಿದವನು ಟುಟಾಂಖಾಮನ್ ಮುಖವನ್ನೇ ನೋಡ್ಲಿಲ್ಲ, ಚಿನ್ನದ ಶವಪೆಟ್ಟಿಗೆ ತೆರೆದದ್ದು 1925ರಲ್ಲಿ. ಅಪ್ಪನ ಜೊತೆ ಮೊದಲ ದಿನವೇ ಒಳಗೆ ಹೋಗಿದ್ದ ಎವೆಲಿನ್ ಮಾತ್ರ 1980ರವರೆಗೂ ಬದುಕಿದ್ಲು.