ಕ್ಲೋಸೆನಾ, ಗೆರ್ಡ್ ಮ್ಯುಲರಾ?

ಜರ್ಮನಿ ಫುಟ್ಬಾಲ್ ತಂಡಕ್ಕೆ ಕ್ಲೋಸೆ 71 ಗೋಲು ಹೊಡೆದಿದ್ದಾರೆ, ಮ್ಯುಲರ್ 68 ಮಾತ್ರ, ಆದ್ರೂ ಹಳಬರು ಮ್ಯುಲರ್ ಹೆಸರನ್ನೇ ಯಾಕೆ ಹೇಳ್ತಾರೆ ಅಂತ ಕೇಳಿದ್ದೀರಿ. ಪಂದ್ಯಗಳ ಲೆಕ್ಕವನ್ನೂ ನೋಡಿ. ಕ್ಲೋಸೆ ಆಡಿದ್ದು 137, ಮ್ಯುಲರ್ ಬರೀ 62. ಪಂದ್ಯಕ್ಕೆ ಒಂದಕ್ಕಿಂತ ಜಾಸ್ತಿ ಆಯ್ತು, ಅಲ್ವಾ?

ಮ್ಯುಲರ್ ಆಳು ಕುಳ್ಳ, ತೊಡೆ ದಪ್ಪ. ಅವರ ಕ್ಲಬ್ ಬಯರ್ನ್ ಮ್ಯೂನಿಕ್‌ನ ಕೋಚ್ ಚೈಕೋವ್ಸ್ಕಿಯೇ ಅವರನ್ನು 'ಕುಳ್ಳ ಡುಮ್ಮ' ಅಂತ ಕರೆಯುತ್ತಿದ್ದರು. 1974ರ ವಿಶ್ವಕಪ್ ಫೈನಲ್‌ನ 43ನೇ ನಿಮಿಷ ಹುಡುಕಿ ನೋಡಿ. ಬಲಗಡೆಯಿಂದ ಜೊತೆ ಆಟಗಾರ ಬೊನ್‌ಹೋಫ್ ಕೊಟ್ಟ ಚೆಂಡು ಮ್ಯುಲರ್ ಕಾಲಿಗೆ ತಾಗಿ ಹಿಂದಕ್ಕೆ ಹೋಗುತ್ತೆ. ಬೇರೆಯವರಾಗಿದ್ರೆ ಅವಕಾಶ ಅಲ್ಲಿಗೆ ಮುಗಿತಿತ್ತು. ಇವರು ಗಕ್ಕನೆ ತಿರುಗಿ ನೆಲಕ್ಕೆ ಸವರಿದಂತೆ ಒದ್ದರು. ಜೋರೂ ಇಲ್ಲ, ಚೆಂದವೂ ಇಲ್ಲ. ನೆದರ್ಲೆಂಡ್ಸ್ ಸೋತಿತು, 2-1. ಅದೇ ಅವರು ದೇಶಕ್ಕೆ ಹೊಡೆದ ಕೊನೇ ಗೋಲು. ಆಗ ವಯಸ್ಸು 28!

ಆಮೇಲಿನ ದಿನಗಳು ಕಷ್ಟದವು. ಅಮೆರಿಕದಲ್ಲಿ ಸ್ವಲ್ಪ ಕಾಲ ಆಡಿದರು, ಕುಡಿತಕ್ಕೆ ಬಿದ್ದರು. ಹಳೇ ಬಯರ್ನ್ ಗೆಳೆಯರೇ ಚಿಕಿತ್ಸೆ ಕೊಡಿಸಿ, ಕ್ಲಬ್ಬಿನಲ್ಲೇ ಕೋಚಿಂಗ್ ಕೆಲಸ ಕೊಟ್ಟರು. 2021ರಲ್ಲಿ ತೀರಿಕೊಂಡರು.

ಕ್ಲೋಸೆ ಕಮ್ಮಿ ಅಂತಲ್ಲ. ಹೆಡರ್ ವಿಷಯದಲ್ಲಿ ನನ್ನ ಓಟು ಅವರಿಗೇ. 2002ರ ವಿಶ್ವಕಪ್‌ನ ಐದು ಗೋಲೂ ತಲೆಯಿಂದಲೇ ಬಂದಿದ್ದು.