ರೆಪ್ ಸಿಗುತ್ತಾನೆ, ನಿಲ್ಲುವುದಿಲ್ಲ!

ಪ್ರಶ್ನೆ: ನಮ್ಮದು ಸಣ್ಣ ಮದ್ದಿನ ಕಂಪನಿ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ತಲಪಾಡಿಯಿಂದ ಕಾಞಂಗಾಡಿನವರೆಗೆ ಓಡಾಡಲು ಒಬ್ಬ ಮೆಡಿಕಲ್ ರೆಪ್ (ಡಾಕ್ಟರ್‌ಗಳನ್ನು ಕಂಡು ಕಂಪನಿಯ ಮದ್ದು ಪರಿಚಯಿಸುವವನು) ಬೇಕು. ಎರಡು ವರ್ಷದಲ್ಲಿ ಮೂವರು ಬಂದರು, ಮೂವರೂ ಬಿಟ್ಟರು. ಮೂವರೂ ಬಿ.ಫಾರ್ಮಾ (ಔಷಧ ಶಾಸ್ತ್ರದ ಪದವಿ), ಮಂಗಳೂರಿನ ಹುಡುಗರು. ಇನ್ನು ಎಲ್ಲಿ ಹುಡುಕಲಿ?
– ಓದುಗರು, ಕುಂಬಳೆ

ಉತ್ತರ: ಮಂಗಳೂರಿನವರು ಅಂತ ನೀವೇ ಬರೆದಿದ್ದೀರಿ, ಅರ್ಧ ಉತ್ತರ ಅಲ್ಲೇ ಇದೆ. ಉಪ್ಪಳದಲ್ಲೋ ಬದಿಯಡ್ಕದಲ್ಲೋ ಡಾಕ್ಟರ್ ಕೊನೆಯ ರೋಗಿಯನ್ನು ಕಳಿಸಿ ರೆಪ್‌ಗಳನ್ನು ಒಳಗೆ ಕರೆಯುವಾಗ ರಾತ್ರಿ ಎಂಟೂವರೆ ಆಗಿರುತ್ತದೆ, ಆ ಹುಡುಗನ ಕಣ್ಣು ಗಡಿಯಾರದ ಮೇಲೆ, ತಲೆಯಲ್ಲಿ ಮಂಗಳೂರು ಬಸ್ಸು. ಎಷ್ಟು ತಿಂಗಳು ಹೀಗೆ ನಡೆಯುತ್ತೆ? ಇಲ್ಲೇ ಮನೆ ಇರುವವರನ್ನು ನೋಡಿ.

ಬಿ.ಫಾರ್ಮಾ ಇದ್ದರೆ ಒಳ್ಳೆಯದೇ, ಡಾಕ್ಟರ್ ಅಡ್ಡಪ್ರಶ್ನೆ ಹಾಕಿದರೆ ತಡವರಿಸುವುದಿಲ್ಲ. ಆದರೆ ಅದೇ ಬೇಕು ಅಂತ ಹಟ ಬೇಡ. ಡಿ.ಫಾರ್ಮಾ (ಅದರದ್ದೇ ಡಿಪ್ಲೊಮಾ) ಮುಗಿಸಿ ಮೆಡಿಕಲ್ ಶಾಪಿನಲ್ಲಿ ಎರಡು ವರ್ಷ ನಿಂತವನಿಗೆ ಯಾವ ಡಾಕ್ಟರ್ ಏನು ಬರೆಯುತ್ತಾರೆ, ಯಾವ ಮದ್ದು ಕಪಾಟಿನಲ್ಲಿ ಧೂಳು ಹಿಡಿಯುತ್ತದೆ ಎಲ್ಲ ಬಾಯಿಪಾಠ. ಬಿಎಸ್ಸಿ ಮಾಡಿದವರೂ ಆಗುತ್ತದೆ, ಕಲಿಸಬೇಕು ಅಷ್ಟೇ. ಪೆರ್ಲದ ಕಡೆ ಕನ್ನಡ, ತುಳು ಸಾಕು. ಕಾಞಂಗಾಡಿಗೆ ಹೋದರೆ ಮಲಯಾಳ ಬೇಕೇ ಬೇಕು. ಡಾಕ್ಟರ್ ಇಂಗ್ಲಿಷಿನಲ್ಲಿ ಮಾತಾಡಿಯಾರು, ಬಾಗಿಲ ಹತ್ತಿರ ಕೂತ ಕಂಪೌಂಡರ್ ಮಾತಾಡಬೇಕಲ್ವಾ?

ಜಾಹೀರಾತು ಹಾಕುವ ಮೊದಲು ಸ್ಟಾಕಿಸ್ಟ್‌ಗಳನ್ನು, ಅಂದರೆ ಅಂಗಡಿಗಳಿಗೆ ಮದ್ದು ಕೊಡುವ ಸಗಟು ವ್ಯಾಪಾರಿಗಳನ್ನು ಕೇಳಿ. ತಿಂಗಳ ಮಾರಾಟದ ಟಾರ್ಗೆಟ್‌ಗೋಸ್ಕರ 30ನೇ ತಾರೀಕು ಅವರಿಗೆ ಮಾಲು ತುರುಕಿ, ಮುಂದಿನ ತಿಂಗಳು 10ಕ್ಕೆ ವಾಪಸ್ ತೆಗೆದುಕೊಳ್ಳುವ ರೆಪ್ ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತು. ಬಯೋಡಾಟಾದಲ್ಲಿ ಅದು ಬರುವುದಿಲ್ಲ.

ಇನ್ನು ಇಂಟರ್‌ವ್ಯೂ. ನಾನು ಏರಿಯಾ ಮ್ಯಾನೇಜರ್ ಆಗಿದ್ದಾಗ ಒಮ್ಮೆ ಇಬ್ಬರು ಹುಡುಗರನ್ನು ಬೇರೆ ಬೇರೆ ಮೆಡಿಕಲ್ ಶಾಪಿಗೆ ಕಳಿಸಿ, ಗ್ಯಾಸ್ಟ್ರಿಕ್ ಮಾತ್ರೆಯಲ್ಲಿ ಯಾವ ಬ್ರ್ಯಾಂಡ್ ಎಷ್ಟು ಹೋಗುತ್ತದೆ ಕೇಳಿಕೊಂಡು ಬನ್ನಿ ಅಂದೆ. ಒಬ್ಬ ಅರ್ಧ ಗಂಟೆಯಲ್ಲಿ ಪುಟ ತುಂಬ ಬರೆದು ತಂದ, ಎಲ್ಲ ಅಂಕಿಗಳೂ 20, 30, 50, ಕೇಳದೆ ಬರೆದದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು! ಇನ್ನೊಬ್ಬನ ಚೀಟಿಯಲ್ಲಿ ನಾಲ್ಕೇ ಹೆಸರು. 'ಅಂಗಡಿಯವರು ಬಿಜಿ ಇದ್ದರು ಸರ್, ಮೂರು ಗಂಟೆಗೆ ಬರಲಿಕ್ಕೆ ಹೇಳಿದ್ದಾರೆ' ಅಂದ. ಮೂರಕ್ಕೆ ಮತ್ತೆ ಹೋದ ಕೂಡ. ಅವನನ್ನೇ ತೆಗೆದುಕೊಂಡೆ.

'ಡಾಕ್ಟರ್‌ಗಳೆಲ್ಲ ನನ್ನ ಕೈಯಲ್ಲಿದ್ದಾರೆ, ಗಿಫ್ಟ್ ಕೊಟ್ಟರೆ ಸಾಕು' ಅನ್ನುವವರು ಬಂದರೆ ಚಾ ಕೊಟ್ಟು ಕಳಿಸಿ. 2024ರ ಮಾರ್ಚ್‌ನಲ್ಲಿ ಕೇಂದ್ರ ತಂದ ಔಷಧ ಮಾರ್ಕೆಟಿಂಗ್ ಸಂಹಿತೆಯಲ್ಲಿ ಗಿಫ್ಟ್‌ಗೆ ಜಾಗ ಇಲ್ಲ.

ಮತ್ತೆ, ಮುಳ್ಳೇರಿಯಕ್ಕೆ ಸ್ವಂತ ಬೈಕಿನಲ್ಲಿ ಹೋಗಿ ಬಂದವನ ಪೆಟ್ರೋಲ್ ಬಿಲ್ಲು ನೀವು ಎಷ್ಟು ದಿನಕ್ಕೆ ಪಾಸ್ ಮಾಡುತ್ತೀರಿ? ಮೂವರು ಯಾಕೆ ಬಿಟ್ಟರು ಅಂತ ಅವರಿಗೇ ಒಂದು ಫೋನ್ ಮಾಡಿ ನೋಡಿ.

ಪ್ರಶ್ನೆ: ಬಿಎಸ್ಸಿ ಆಗಿದೆ. ರೆಪ್ ಕೆಲಸಕ್ಕೆ ಕರೆದವರು ಬ್ಯಾಗ್, ಸ್ಯಾಂಪಲ್‌ಗೆ ಡೆಪಾಸಿಟ್ ಕಟ್ಟಿ ಅನ್ನುತ್ತಿದ್ದಾರೆ. ಕಟ್ಟಲಾ?
– ಓದುಗರು, ಮಂಜೇಶ್ವರ

ಉತ್ತರ: ಬೇಡ. ಬ್ಯಾಗೂ ಅವರದ್ದು, ಸ್ಯಾಂಪಲ್ಲೂ ಅವರದ್ದು, ದುಡ್ಡು ಮಾತ್ರ ನಿಮ್ಮದಾ? ಮೊದಲು ನೇಮಕ ಪತ್ರ ಕೇಳಿ. ಮೆಡಿಕಲ್ ರೆಪ್‌ಗಳಿಗಾಗಿ 1976ರಲ್ಲೇ ಬಂದ ಕಾನೂನಿನಲ್ಲಿ ಪತ್ರ ಕೊಡಲೇಬೇಕು ಅಂತ ಇತ್ತು, 2025ರ ನವೆಂಬರ್‌ನಲ್ಲಿ ಅದರ ಬದಲಿಗೆ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲೂ ಹಾಗೇ ಇದೆ. ಸುಮ್ನೆ ಬಾಯಿಮಾತಿಗೆ ಸೇರಬೇಡಿ.